‘ಆಕಸ್ಮಿಕ’ ಎನ್ನುವ ಮೊದಲು ದಫ್ತರ ತೋರಿಸಿ

ಕಾಶಿಗೆ ಹೋಗುವ ಎಷ್ಟೋ ಕನ್ನಡಿಗರಿಗೆ ಜಂಗಮವಾಡಿ ಮಠವೇ ಮೊದಲ ತಂಗುದಾಣ. ಕ್ಯಾಂಟ್ ಸ್ಟೇಷನ್ನಿನಲ್ಲಿ ಇಳಿದು, ಗೋದೌಲಿಯಾದ ಜನಜಂಗುಳಿಯಲ್ಲಿ ನುಸುಳಿ ಅಲ್ಲಿಗೆ ತಲುಪಬೇಕು. ಕ್ಯಾಂಟ್‌ನಿಂದ ಗೋದೌಲಿಯಾವರೆಗೆ ಮೂರೂವರೆ ಕಿ.ಮೀ.ಗೂ ಮೀರಿದ ರೋಪ್‌ವೇಗೆ 2023ರ ಮಾರ್ಚ್ 24ರಂದು ಶಂಕುಸ್ಥಾಪನೆಯಾಯಿತು. ನಗರ ಸಾರಿಗೆಗೆಂದೇ ದೇಶ ಹಮ್ಮಿಕೊಂಡ ಮೊದಲ ರೋಪ್‌ವೇ ಇದು. ಮಂಡಿನೋವಿನ ಯಾತ್ರಿಕರಿಗೆ ಇದು ವರದಾನವೇ. ನನ್ನ ತಕರಾರು ಇರುವುದು ನಮ್ಮ ಒಂದು ಅಭ್ಯಾಸದ ಬಗ್ಗೆ: ಕಟ್ಟುವಾಗ ಹಾರ ತುರಾಯಿ, ಕಡಿದಾಗ ‘ಆಕಸ್ಮಿಕ’.

ಮನೆಯ ಉದಾಹರಣೆಯನ್ನೇ ನೋಡಿ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು, ಕೂಡಿಟ್ಟ ನೀರನ್ನು ಹೊಳೆಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದವರನ್ನು ಕೊಂಡಾಡಿದೆವು. ಅವರು ಅದಕ್ಕೆ ಅರ್ಹರೇ. ಆದರೆ ಮರುವರ್ಷ, ಸುಮಾರು 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 80 ಟಿಎಂಸಿ ಸಾಕೆಂದು ಮಿತಿ ಹಾಕಿದರು. ಚೈನಿನ ಬೆಲೆ ತೆತ್ತವರು ರೈತರು.

ಉಕ್ಕು ಹೇಳದೆ ಕೇಳದೆ ಸಾಯುವುದು ಅಪರೂಪ. ದೋಷ ಪತ್ತೆಯಾಗಬಲ್ಲ ದಿನಕ್ಕೂ ಮುರಿಯುವ ದಿನಕ್ಕೂ ನಡುವೆ ಸಾಮಾನ್ಯವಾಗಿ ಒಂದು ಅವಧಿ ಇರುತ್ತದೆ. ರೋಪ್‌ವೇ ಹಗ್ಗವೆಂದರೆ ಹುರಿಗೊಂಡ ಅನೇಕ ಉಕ್ಕಿನ ತಂತಿಗಳು. ಅವು ಒಂದೊಂದಾಗಿ ತುಂಡಾಗುತ್ತವೆ. ಹಗ್ಗವನ್ನು ಕಾಂತೀಯಗೊಳಿಸಿದರೆ ತುಂಡಾದ ಕಡೆ ಕಾಂತಕ್ಷೇತ್ರ ಹೊರಸೋರುತ್ತದೆ, ಉಪಕರಣ ಅದನ್ನು ಹಿಡಿಯುತ್ತದೆ. ಸವೆದ ಬೇರಿಂಗ್ ತನ್ನ ಕಂಪನದಲ್ಲೇ ಸುಳಿವು ಕೊಡುತ್ತದೆ. ನಿಯಮ ಸರಳ: ಎರಡು ತಪಾಸಣೆಗಳ ಅಂತರ ಆ ಅವಧಿಗಿಂತ ಚಿಕ್ಕದಾಗಿರಬೇಕು. ದೊಡ್ಡದಾದರೆ ತಪಾಸಣೆ ಬರೀ ಶಾಸ್ತ್ರಕ್ಕೆ.

‘ಈಗ ಎಲ್ಲ ಕಡೆ ಸೆನ್ಸರ್ ಇದೆಯಲ್ಲ’ ಎನ್ನುವವರಿದ್ದಾರೆ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿ ತೂಗುಸೇತುವೆ ಬಿದ್ದು 135 ಮಂದಿ ಸತ್ತರು. ಮುಖ್ಯ ಕೇಬಲಿನ 49 ತಂತಿಗಳಲ್ಲಿ 22ಕ್ಕೆ ತುಕ್ಕು ಹಿಡಿದಿತ್ತು, ಅವು ಮೊದಲೇ ತುಂಡಾಗಿದ್ದಿರಬಹುದು ಎಂದಿತು ವಿಶೇಷ ತನಿಖಾ ತಂಡ. ತುಕ್ಕು ನೋಡಲು ಸೆನ್ಸರ್ ಬೇಕಿರಲಿಲ್ಲ. ನೋಡಿ, ಬರೆದು, ‘ನಿಲ್ಲಿಸಿ’ ಎನ್ನುವ ಅಧಿಕಾರವುಳ್ಳ ಒಬ್ಬ ಬೇಕಿತ್ತು.

ಮುನ್ಸೂಚನೆ ಸಂಭವವನ್ನು ಹೇಳುತ್ತದೆ, ಮುಹೂರ್ತವನ್ನಲ್ಲ. ಕೆಲವು ಎಚ್ಚರಿಕೆ ಸುಳ್ಳಾಗುತ್ತವೆ, ನಿಲ್ಲಿಸಿದರೆ ನಷ್ಟವೂ ಆಗುತ್ತದೆ, ನಿಜ. ಅದಕ್ಕೇ ಮಿತಿಯನ್ನು ತಣ್ಣಗಿರುವಾಗಲೇ ಬರೆದಿಡಬೇಕು: ಇಷ್ಟು ತಂತಿ ಕಡಿದರೆ, ಕಂಪನ ಇಷ್ಟು ದಾಟಿದರೆ ಓಡಾಟ ಬಂದ್. ಅದಕ್ಕೆ ಪಾಳಿಯ ಎಂಜಿನಿಯರು ಯಾರಿಗೂ ಫೋನ್ ಮಾಡಬೇಕಾಗಿರಬಾರದು, ಶಿವರಾತ್ರಿಯ ದಿನವೂ. ಕಾಶಿಯಲ್ಲಿ ಸತ್ತರೆ ಮುಕ್ತಿ ಎಂಬುದು ನಂಬಿಕೆ. ಅದನ್ನು ನಿರ್ವಹಣಾ ನೀತಿ ಮಾಡಿಕೊಳ್ಳಬಾರದು.

ಹಾಗಾಗಿ ಬೇಡಿಕೆ ಒಂದೇ. ಟಿಕೆಟ್ ಕಿಟಕಿಯ ಪಕ್ಕ ಒಂದು ಫಲಕ ಇರಲಿ: ಹಗ್ಗ ಕೊನೆಯ ಬಾರಿ ಪರೀಕ್ಷಿಸಿದ ದಿನ, ಸಿಕ್ಕ ದೋಷ, ಮುಂದಿನ ಪರೀಕ್ಷೆಯ ದಿನ, ಹೊಣೆಗಾರರ ಹುದ್ದೆ. ಹೊಸಪೇಟೆಯಲ್ಲೂ ಒಂದೊಂದು ಗೇಟಿನ ಚೈನಿಗೂ ಇಂಥದೇ ಪುಟವನ್ನು ರೈತರು ಓದುವಂತೆ ಪ್ರಕಟಿಸಲಿ. ಆ ಪುಟ ಖಾಲಿ ಬಿಟ್ಟವರು ‘ಆಕಸ್ಮಿಕ’ ಎಂದರೆ ನಾವು ಒಪ್ಪಬೇಕಾಗಿಲ್ಲ.