ರೂಟರ್‌ಗೂ ಬೇಕು ಬಳಕೆಯ ಅವಧಿ

ಅಂಗಡಿಗೆ ಬರುವ ಬಿಸ್ಕತ್ತಿನ ಪೊಟ್ಟಣದ ಮೇಲೂ ಬಳಕೆಯ ಅವಧಿ ಮುದ್ರಿತವಾಗಿರುತ್ತದೆ. ಅದೇ ಅಂಗಡಿಯ ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ಲೆಕ್ಕಪತ್ರಗಳೆಲ್ಲ ಹಾದುಹೋಗುವ ರೂಟರ್ ಎಂಬ ಪುಟ್ಟ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಅಂತಹ ದಿನಾಂಕವಿರುವುದಿಲ್ಲ. ದೀಪ ಮಿನುಗುತ್ತಿರುವಷ್ಟು ದಿನ ಅದು ಸುಸ್ಥಿತಿಯಲ್ಲಿದೆಯೆಂದೇ ಅನೇಕ ವರ್ತಕರು ಭಾವಿಸುತ್ತಾರೆ.

ವಾಸ್ತವವಾಗಿ ರೂಟರ್ ಒಂದು ಸಣ್ಣ ಗಣಕಯಂತ್ರ. ಅದನ್ನು ನಡೆಸುವ ಫರ್ಮ್‌ವೇರ್ ಎಂಬ ತಂತ್ರಾಂಶದಲ್ಲಿ ದೋಷ ಕಂಡುಬಂದಾಗ ತಯಾರಕರು ತಿದ್ದುಪಡಿ ಹೊರಡಿಸುತ್ತಾರೆ. ಕೆಲವು ವರ್ಷಗಳ ಬಳಿಕ ಆ ಮಾದರಿಗೆ ತಿದ್ದುಪಡಿ ನಿಲ್ಲುತ್ತದೆ. ಯಂತ್ರ ಮಾತ್ರ ನಿಲ್ಲುವುದಿಲ್ಲ. ಆಮೇಲೆ ಪತ್ತೆಯಾದ ದೋಷ ತೆರೆದ ಬಾಗಿಲಾಗಿಯೇ ಉಳಿಯುತ್ತದೆ. ಅದರ ಮೂಲಕ ಒಳಬಂದವರು ಬ್ಯಾಂಕಿನ ವಿಳಾಸ ಬರೆದ ಗ್ರಾಹಕನನ್ನು ನಕಲಿ ಪುಟಕ್ಕೆ ಕರೆದೊಯ್ಯಬಲ್ಲರು. ಬ್ರೌಸರ್ ಎಚ್ಚರಿಕೆ ತೋರಿಸಬಹುದು. ತಿಂಗಳ ಕೊನೆಯ ಗಡಿಬಿಡಿಯಲ್ಲಿ ಅದನ್ನು ಓದುವ ಗುಮಾಸ್ತರೆಷ್ಟು ಮಂದಿ?

ಕರ್ನಾಟಕಕ್ಕೆ ಇಂತಹ ಅನುಭವ ಹೊಸದಲ್ಲ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದಲ್ಲಿ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಕುತಂತ್ರಾಂಶದ ದಾಳಿಗೆ ತುತ್ತಾದವು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳೇ ಅದಕ್ಕೆ ಸುಲಭವಾಗಿ ಸಿಕ್ಕವು.

ಪಾಸ್‌ವರ್ಡ್ ಬದಲಿಸುವುದು ಅಗತ್ಯ. ಅವಧಿ ಮುಗಿದ ಯಂತ್ರಕ್ಕೆ ಅದೊಂದೇ ಸಾಲದು. ಅಮೆರಿಕದ ನ್ಯಾಯ ಇಲಾಖೆ 2024ರ ಜನವರಿಯಲ್ಲಿ ಪ್ರಕಟಿಸಿದ ಕಾರ್ಯಾಚರಣೆ ಇದಕ್ಕೆ ನಿದರ್ಶನ. ಸಣ್ಣ ಕಚೇರಿ ಮತ್ತು ಮನೆಗಳ ನೂರಾರು ರೂಟರ್‌ಗಳನ್ನು ಹ್ಯಾಕರ್‌ಗಳು ತಮ್ಮ ಗುರುತು ಮರೆಮಾಚುವುದಕ್ಕೆ ಬಳಸುತ್ತಿದ್ದರು. ಅವುಗಳಲ್ಲಿ ಬಹುಪಾಲು ತಯಾರಕರ ಬೆಂಬಲ ಕಳೆದುಕೊಂಡಿದ್ದ ಸಿಸ್ಕೋ ಮತ್ತು ನೆಟ್‌ಗಿಯರ್ ಮಾದರಿಗಳು. ನ್ಯಾಯಾಲಯದ ಅನುಮತಿಯಿಂದ ಕುತಂತ್ರಾಂಶವನ್ನು ಅಳಿಸಲಾಯಿತಾದರೂ, ರೂಟರನ್ನು ಒಮ್ಮೆ ಆರಿಸಿ ಮತ್ತೆ ಚಾಲೂ ಮಾಡಿದರೆ ಆ ರಕ್ಷಣೆ ಇಲ್ಲವಾಗುತ್ತಿತ್ತು! ಸರ್ಕಾರವೇ ಮುಂದೆ ನಿಂತರೂ ಹಳೆಯ ಪೆಟ್ಟಿಗೆಗೆ ದೊರೆತದ್ದು ತಾತ್ಕಾಲಿಕ ಉಪಶಮನ ಮಾತ್ರ.

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಾದ ಕಾನೂನಿನಂತೆ, ಅಂತರಜಾಲಕ್ಕೆ ಜೋಡಿಸುವ ಗೃಹೋಪಯೋಗಿ ಸಾಧನಗಳ ತಯಾರಕರು ಭದ್ರತಾ ತಿದ್ದುಪಡಿಯನ್ನು ಕನಿಷ್ಠ ಎಲ್ಲಿಯವರೆಗೆ ಒದಗಿಸುವರೆಂಬುದನ್ನು ಪ್ರಕಟಿಸಬೇಕು. ಅದೇ ಮಾಹಿತಿಯನ್ನು ಖರೀದಿಯ ಬಿಲ್ಲಿನಲ್ಲಿ ಬರೆಸಿಕೊಳ್ಳುವುದಕ್ಕೆ ಇಲ್ಲಿನ ವರ್ತಕರಿಗೆ ಯಾವ ಕಾನೂನೂ ಬೇಕಿಲ್ಲ. ಅಂತರಜಾಲ ಸಂಸ್ಥೆಯೇ ರೂಟರ್ ಕೊಟ್ಟಿದ್ದರೆ, ತಿದ್ದುಪಡಿ ಯಾರ ಹೊಣೆಯೆಂಬುದನ್ನು ಅದರಿಂದ ಲಿಖಿತವಾಗಿ ಕೇಳಿ ಪಡೆಯಬೇಕು.

ಹಳೆಯ ದಾಸ್ತಾನು ಮಾರಾಟವಾಗದೆ ಉಳಿದೀತೆಂಬ ಗಣಕ ಸಾಮಗ್ರಿ ವ್ಯಾಪಾರಿಗಳ ಆತಂಕ ಸಹಜವೇ. ಆದರೆ ತಿದ್ದುಪಡಿ ನಿಂತ ಮಾದರಿಯನ್ನು ಆ ವಿಷಯ ತಿಳಿಸದೆ ಮಾರಿದಾಗ, ಅದರ ನಷ್ಟ ಇನ್ನೊಬ್ಬ ವರ್ತಕನ ಗಲ್ಲೆಗೇ ತಟ್ಟುತ್ತದೆ. ವಾಣಿಜ್ಯ ಸಂಸ್ಥೆಗಳಲ್ಲಿ ಮಾರುವವರೂ ಕೊಳ್ಳುವವರೂ ಸದಸ್ಯರಾಗಿರುವುದರಿಂದ, ಬಿಲ್ಲಿನಲ್ಲಿ ಈ ಒಂದು ಸಾಲನ್ನು ಸೇರಿಸುವ ಬಗೆಗೆ ಅಲ್ಲಿಯೇ ಮಾತುಕತೆ ಆರಂಭವಾಗಬಹುದು.