ಅಸುರರ ಪಾಠಶಾಲೆ

ತರಗತಿಗೆ ತಪ್ಪದೆ ಹಾಜರಾಗುವವರನ್ನು ಪುಂಡರೆಂದೂ, ಪಾಠದ ಕೊಠಡಿಯತ್ತ ತಲೆಯನ್ನೇ ಹಾಕದವನನ್ನು ವಿದ್ಯಾರ್ಥಿ ಶಿರೋಮಣಿಯೆಂದೂ ಗೌರವಿಸುವ ವಿದ್ಯಾಲಯವೊಂದುಂಟು. ವಾಚಕರು ತಮ್ಮ ಊರಿನ ಕಾಲೇಜನ್ನು ನೆನೆದು ಗಾಬರಿಗೊಳ್ಳಬೇಕಾಗಿಲ್ಲ. ಈ ವಿದ್ಯಾಲಯವಿರುವುದು ಅಸುರಲೋಕದಲ್ಲಿ. ಅದನ್ನು ಕಟ್ಟಿದವರು ಜಪಾನಿನ ಗಿಫು ಪ್ರಾಂತದ ನಿಪ್ಪಾನ್ ಇಚಿ ಎಂಬ ಸಂಸ್ಥೆಯವರು. ‘ಜಪಾನಿಗೇ ಮೊದಲು’ ಎಂದು ಆ ಹೆಸರಿನ ಅರ್ಥ. ವಿನಯವು ಅಸುರರಿಗೆ ಒಪ್ಪುವ ಗುಣವಲ್ಲವಷ್ಟೆ!

ಈ ಸಂಸ್ಥೆಯ ‘ಡಿಸ್ಗಾಯಾ’ ಎಂಬ ವಿಡಿಯೊ ಆಟ ಮೊದಲು ಬಂದದ್ದು 2003ರಲ್ಲಿ. 2006ರಲ್ಲಿ ಎರಡನೆಯದು, 2008ರಲ್ಲಿ ಮೂರನೆಯದು. ಹೀಗೆ ಬೆಳೆದ ಮಾಲೆಯಲ್ಲಿ 2023ರ ವೇಳೆಗೆ ಏಳು ಮುಖ್ಯ ಆಟಗಳಾದವು. ಚದುರಂಗದಂತೆ ಮನೆಮನೆಯಾಗಿ ಹೆಣೆದ ರಣಭೂಮಿ, ಸರದಿಯಂತೆ ನಡೆ, ನಡೆಸುವವನ ತಲೆಯಲ್ಲಿ ವ್ಯೂಹ: ಆಟದ ಎಲುಬು ಇಷ್ಟೆ. ಆದರೆ ಇಲ್ಲಿ ಸ್ವಪಕ್ಷದ ಕಾಲಾಳನ್ನು ಎತ್ತಿ ಶತ್ರುವಿನ ನಡುವೆ ಎಸೆಯಲೂಬಹುದು. ಪಾಪ ಮಾಡಿ ಸತ್ತವರ ಆತ್ಮಗಳು ಪೆಂಗ್ವಿನ್ ಹಕ್ಕಿಯಂಥ ಮೈಯಲ್ಲಿ ಹುಟ್ಟಿ, ಕೂಲಿ ಮಾಡಿ ಋಣ ತೀರಿಸುತ್ತವೆ. ಅವನ್ನು ಎಸೆದರೆ ಪಟಾಕಿಯಂತೆ ಸಿಡಿಯುತ್ತವೆ. ಯೋಧರ ಬಲವು ಒಂದನೆಯ ಮೆಟ್ಟಿಲಿನಿಂದ 9999ನೆಯ ಮೆಟ್ಟಿಲಿನವರೆಗೆ ಏರಬಲ್ಲುದು. ಸಂಸಾರವಂದಿಗರು ಇದನ್ನು ಆರಂಭಿಸುವ ಮುನ್ನ ಒಮ್ಮೆ ಯೋಚಿಸುವುದು ಒಳಿತು.

ಮಾಲೆಯಲ್ಲಿ ಅತ್ಯಂತ ನಗೆ ತರುವುದು ಮೂರನೆಯ ಆಟ. ಮಾಓ ಎಂಬುವನು ಅಸುರಾಧಿಪತಿಯ ಮಗ. ಒಂದು ಪಾಠಕ್ಕೂ ಹೋಗದ ಕಾರಣ ಆ ವಿದ್ಯಾಲಯದ ಪ್ರಥಮ ಸ್ಥಾನ ಅವನದು. ಅವನ ಎದುರಾಳಿ ರಾಸ್ಪ್‌ಬೆರಿಲ್ ಎಂಬ ಹುಡುಗಿ. ಆಕೆ ಹೊತ್ತಿಗೆ ಸರಿಯಾಗಿ ತರಗತಿಗೆ ಬರುತ್ತಾಳೆ, ಪರರ ಸೇವೆ ಮಾಡುತ್ತಾಳೆ. ಆದುದರಿಂದ ವಿದ್ಯಾಲಯದಲ್ಲಿ ಅವಳೇ ಮಹಾಪುಂಡಿ. ಚಂಡಾಮರ್ಕರ ಶಾಲೆಯಲ್ಲಿ ಪ್ರಹ್ಲಾದನಿಗೂ ಇಂಥದೇ ಹೆಸರು ಬಂದಿರಬೇಕು.

ಮಾಓ ತಂದೆಯ ಮೇಲೆ ಸಮರ ಸಾರುತ್ತಾನೆ. ಕಾರಣವೇನು? ರಾಜ್ಯಲೋಭವಲ್ಲ, ಹರಿಭಕ್ತಿಯೂ ಅಲ್ಲ. ಎಷ್ಟೋ ಕಾಲ ಆಡಿ ಕೂಡಿಸಿದ್ದನ್ನೆಲ್ಲ ತುಂಬಿಕೊಂಡಿದ್ದ ಮಗನ ಆಟದ ಯಂತ್ರವನ್ನು ತಂದೆ ಹಾಳುಮಾಡಿದ್ದಾನೆ! ತಂದೆಯನ್ನು ಗೆಲ್ಲುವ ಉಪಾಯಕ್ಕಾಗಿ ಮಾಓ ಚಿತ್ರಕಥೆಗಳ ಪುಸ್ತಕಗಳನ್ನು ಶೋಧಿಸುತ್ತಾನೆ. ಅಸುರರಾಜನನ್ನು ಕೊನೆಗೆ ಸೋಲಿಸುವವನು ಯಾವಾಗಲೂ ‘ವೀರ’ನೇ ಎಂಬ ಸಿದ್ಧಾಂತ ಅವನಿಗೆ ಹೊಳೆಯುತ್ತದೆ. ಅಂದಮೇಲೆ ತಾನೂ ವೀರನಾಗಬೇಕು. ಅದಕ್ಕಾಗಿ ತಪಸ್ಸು ಮಾಡುವುದಿಲ್ಲ. ಭೂಲೋಕದಿಂದ ಬಂದ ಆಲ್ಮಾಜ್ ಎಂಬ ಬಡಪಾಯಿ ತರುಣನ ‘ವೀರ’ ಬಿರುದನ್ನೇ ಕಸಿದುಕೊಂಡು, ತನ್ನ ‘ಅಸುರ’ ಬಿರುದನ್ನು ಅವನ ಕೊರಳಿಗೆ ಕಟ್ಟುತ್ತಾನೆ.

ನಗೆಯ ಒಳಗೆ ತಿರುಳಿರುವುದು ಇಲ್ಲಿ. ಬಿರುದು ಬದಲಾದ ಬಳಿಕ ಆಲ್ಮಾಜ್‌ನಲ್ಲಿ ಅಸುರಲಕ್ಷಣಗಳು ಮೆಲ್ಲನೆ ಮೊಳೆಯತೊಡಗುತ್ತವೆ. ಮಾಓನ ಮನಸ್ಸು ಅವನಿಗರಿವಿಲ್ಲದೆಯೇ ಮೃದುವಾಗತೊಡಗುತ್ತದೆ. ಮಗುವನ್ನು ದಿನವೂ ‘ದಡ್ಡ’ ಎಂದು ಕರೆಯುವ ಹಿರಿಯರೂ, ‘ಜಾಣೆ’ ಎಂದು ಬೆನ್ನು ತಟ್ಟುವ ಹಿರಿಯರೂ ಇದನ್ನು ಗಮನಿಸಬಹುದು. ಕೊಟ್ಟ ಹೆಸರು ಮೈಗೆ ಹತ್ತುತ್ತದೆ.

ಸಮಾಜವನ್ನು ಚುಚ್ಚುವುದರಲ್ಲಿಯೂ ಆಟ ಹಿಂದೆ ಬಿದ್ದಿಲ್ಲ. ಏನಾದರೂ ಸೌಲಭ್ಯ ಬೇಕಾದರೆ ತರಗತಿಯ ಸಭೆಯಲ್ಲಿ ಠರಾವು ಮಂಡಿಸಬೇಕು. ಸಭಿಕರು ಒಲಿಯದಿದ್ದರೆ ಕಾಣಿಕೆ ಕೊಡಬಹುದು. ಠರಾವು ಬಿದ್ದುಹೋದರೂ ನಿರಾಶೆ ಬೇಡ, ವಿರೋಧಿಗಳನ್ನು ಹೊಡೆದು ಮತ ಪಡೆಯಬಹುದು. ನಮ್ಮ ಲೋಕದಲ್ಲಿ ಮುಚ್ಚಿಟ್ಟು ನಡೆಸುವುದನ್ನು ಅಸುರರು ನಿಯಮವನ್ನಾಗಿಯೇ ಬರೆದಿಟ್ಟಿದ್ದಾರೆ. ಅಷ್ಟರಮಟ್ಟಿಗೆ ಅವರು ಪ್ರಾಮಾಣಿಕರು.

ಇಷ್ಟೆಲ್ಲ ಹಾಸ್ಯದ ಅಡಿಯಲ್ಲಿ ಒಂದು ಗಂಟು ಬಿಗಿದಿದೆ. ಮಾಓ ತನ್ನ ಎದೆಯೊಳಗಿನ ಹಳೆಯ ನೆನಪೊಂದಕ್ಕೆ ತಾನೇ ಬೀಗ ಹಾಕಿಕೊಂಡಿದ್ದಾನೆ. ಆಟದ ಯಂತ್ರ ಹಾಳಾದದ್ದು ಕೇವಲ ನೆಪ. ತಂದೆಯ ಮೇಲಿನ ಸಿಟ್ಟೆಂದು ಅವನು ಹೊತ್ತು ತಿರುಗುವುದರಲ್ಲಿ ಮುಕ್ಕಾಲು ಪಾಲು ತನ್ನ ಮೇಲೆ ತನಗಿರುವ ಸಿಟ್ಟು. ಒಳಗಿನ ಗುಟ್ಟನ್ನು ಇಲ್ಲಿ ಬಿಚ್ಚುವುದು ಆಡುವವರಿಗೆ ಅನ್ಯಾಯ. ಬೀಗ ತೆಗೆಯಲು ನೆರವಾಗುವವರಲ್ಲಿ ಅವನು ಬಿರುದು ಕಸಿದುಕೊಂಡ ಆಲ್ಮಾಜ್‌ನೂ, ಪುಂಡಿಯೆಂದು ಹೀಗಳೆದ ರಾಸ್ಪ್‌ಬೆರಿಲ್‌ಳೂ ಇದ್ದಾರೆಂದರೆ ಸಾಕು.

ಮನೆಯಲ್ಲಿ ಮಕ್ಕಳು ಪರದೆಯ ಮುಂದೆ ಕುಳಿತಿದ್ದರೆ ಯಂತ್ರವನ್ನು ಕಿತ್ತಿಡುವ ಮೊದಲು ತಂದೆಯಾದವನು ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ನೋಡಬಹುದು. ಯಂತ್ರ ಮುರಿದ ತಂದೆಗೆ ಅಸುರಲೋಕದಲ್ಲಿ ಏನಾಯಿತೆಂಬುದನ್ನು ತಿಳಿದುಕೊಳ್ಳಲಾದರೂ ಅದು ಆವಶ್ಯಕ.