ಮನೆಯಲ್ಲೇ ಕುಳಿತು ‘ಮೆಡಿಕಲ್ ಅಸಿಸ್ಟೆಂಟ್’ ಆಗಬಹುದೇ? ಫೀಸು ಕಟ್ಟುವ ಮುನ್ನ ಇಷ್ಟು ತಿಳಿದಿರಲಿ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಕೂಡಲೇ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಹರಿದಾಡತೊಡಗುತ್ತದೆ. ‘ಮನೆಯಲ್ಲೇ ಕುಳಿತು 6 ತಿಂಗಳಲ್ಲಿ ಮೆಡಿಕಲ್ ಅಸಿಸ್ಟೆಂಟ್ ಡಿಪ್ಲೊಮಾ, ಆಸ್ಪತ್ರೆಯಲ್ಲಿ ಕೆಲಸ ಖಚಿತ, ಕೆಲವೇ ಸೀಟು ಬಾಕಿ’ ಎಂಬ ಧಾಟಿಯ ಸಂದೇಶವದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಿಂದ ದಿನವೂ ಹಾಸನಕ್ಕೆ ಬಸ್ಸಿನಲ್ಲಿ ಓಡಾಡುವುದು ಸುಲಭವಲ್ಲ. ಹಾಸ್ಟೆಲ್ ಖರ್ಚು ಬೇರೆ. ಹಾಗಾಗಿ ಇಂಥ ಸಂದೇಶ ಅನೇಕ ಮನೆಗಳಿಗೆ ವರದಂತೆ ಕಾಣುತ್ತದೆ. ಆದರೆ ಇದರಲ್ಲಿ ನಿಜವೆಷ್ಟು?

ಈ ಹೆಸರು ಬಂದದ್ದು ಎಲ್ಲಿಂದ?

‘ಮೆಡಿಕಲ್ ಅಸಿಸ್ಟೆಂಟ್’ ಮೂಲತಃ ಅಮೆರಿಕದ ಹುದ್ದೆ. ಅಲ್ಲಿನ ಕ್ಲಿನಿಕ್‌ಗಳಲ್ಲಿ ರೋಗಿಯ ಬಿ.ಪಿ. ನೋಡುವುದು, ರಕ್ತ ತೆಗೆಯುವುದು, ದಾಖಲೆ ಬರೆಯುವುದು ಇವರ ಕೆಲಸ. ಅದಕ್ಕಾಗಿ ಅಲ್ಲಿ 2 ವರ್ಷದ ‘ಅಸೋಸಿಯೇಟ್ ಡಿಗ್ರಿ’ ಇದೆ. ಪಾಠ ಆನ್‌ಲೈನ್‌ನಲ್ಲಿ ನಡೆದರೂ, ಮಾನ್ಯತೆ ಪಡೆದ ಕೋರ್ಸಿನ ವಿದ್ಯಾರ್ಥಿಗಳು ಕ್ಲಿನಿಕ್‌ಗೆ ಹೋಗಿ ತರಬೇತಿ ಪಡೆಯಲೇಬೇಕು. ಭಾರತದಲ್ಲಿ ‘ಅಸೋಸಿಯೇಟ್ ಡಿಗ್ರಿ’ ಎಂಬ ಪದವಿಯೇ ಚಾಲ್ತಿಯಲ್ಲಿಲ್ಲ. ನಮ್ಮಲ್ಲಿ ಈ ಕೆಲಸಗಳು ಲ್ಯಾಬ್ ಟೆಕ್ನೀಷಿಯನ್, ಓ.ಟಿ. ಟೆಕ್ನೀಷಿಯನ್, ನರ್ಸ್, ರೆಕಾರ್ಡ್ ವಿಭಾಗದವರ ನಡುವೆ ಹಂಚಿಹೋಗಿವೆ. ಒಂದೊಂದಕ್ಕೂ ಬೇರೆ ಬೇರೆ ಕೋರ್ಸುಗಳಿವೆ.

ಕಾನೂನು ಏನು ಹೇಳುತ್ತದೆ?

2021ರಲ್ಲಿ ಸಂಸತ್ತು ‘ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ’ಯನ್ನು ತಂದಿತು. ಅದರ ಪ್ರಕಾರ ಅಲೈಡ್ ಹೆಲ್ತ್ ವೃತ್ತಿಯ ಡಿಪ್ಲೊಮಾ ಅಥವಾ ಪದವಿ ಕನಿಷ್ಠ 2,000 ಗಂಟೆಗಳದ್ದಾಗಿರಬೇಕು, ಅದೂ 2ರಿಂದ 4 ವರ್ಷಗಳಲ್ಲಿ ಹರಡಿರಬೇಕು. ನೀವೇ ಲೆಕ್ಕ ಹಾಕಿ: ಆರು ತಿಂಗಳಲ್ಲಿ 2,000 ಗಂಟೆ ಮುಗಿಸಬೇಕಾದರೆ ಭಾನುವಾರವೂ ಬಿಡದೆ ದಿನಕ್ಕೆ 11 ಗಂಟೆ ಓದಬೇಕಾಗುತ್ತದೆ!

ಇನ್ನೊಂದು ಮುಖ್ಯ ಸಂಗತಿ ಇದೆ. ಈ ಕಾಯ್ದೆಯ ವ್ಯಾಪ್ತಿಗೆ ಬರುವ ಕೋರ್ಸುಗಳನ್ನು 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ನಡೆಸಬಾರದು ಎಂದು ಯುಜಿಸಿ ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸೂಚಿಸಿದೆ. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿಗೆ ಇಂಥ ನಿರ್ಬಂಧ ಯುಜಿಸಿಯ 2020ರ ನಿಯಮಗಳಲ್ಲೇ ಇತ್ತು.

ವಿಡಿಯೊ ನೋಡಿ ಕಲಿತರೆ ಆಗದೇ?

ದೇಹದ ರಚನೆ, ಕಾಯಿಲೆಗಳ ಹೆಸರು, ಔಷಧಗಳ ಪರಿಚಯ ಇವನ್ನೆಲ್ಲ ಫೋನಿನಲ್ಲಿ ಚೆನ್ನಾಗಿಯೇ ಕಲಿಯಬಹುದು. ತೊಂದರೆ ಶುರುವಾಗುವುದು ಕೈಗೆಲಸದಲ್ಲಿ.

ರಕ್ತ ತೆಗೆಯುವುದನ್ನೇ ನೋಡಿ. ಸಿರಿಂಜನ್ನು ಜೋರಾಗಿ ಎಳೆದರೆ ಅಥವಾ ಟ್ಯೂಬನ್ನು ರಭಸವಾಗಿ ಅಲುಗಾಡಿಸಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಆಗ ಅವುಗಳೊಳಗಿನ ಪೊಟ್ಯಾಸಿಯಂ ಹೊರಬಂದು, ವರದಿಯಲ್ಲಿ ಪೊಟ್ಯಾಸಿಯಂ ಹೆಚ್ಚಿದಂತೆ ತೋರಿಸುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುವ ರಾಸಾಯನಿಕ ಇರುತ್ತದೆ. ಆ ಟ್ಯೂಬಿನ ರಕ್ತ ಬೇರೆ ಟ್ಯೂಬಿಗೆ ಸ್ವಲ್ಪ ಸೇರಿದರೂ ಪೊಟ್ಯಾಸಿಯಂ ಏರಿದಂತೆ, ಕ್ಯಾಲ್ಸಿಯಂ ಇಳಿದಂತೆ ಕಾಣಬಹುದು. ಡಾಕ್ಟರ್ ಔಷಧ ಬರೆಯುವುದು ಇದೇ ವರದಿ ನೋಡಿ. ಬಿ.ಪಿ. ಪಟ್ಟಿ ತೋಳಿಗೆ ಚಿಕ್ಕದಾದರೂ ಅಷ್ಟೆ, ಇಲ್ಲದ ಬಿ.ಪಿ. ಕಾಣಿಸಿಕೊಳ್ಳುತ್ತದೆ. ಇಂಥ ತಪ್ಪನ್ನು ತಿದ್ದಲು ಪಕ್ಕದಲ್ಲಿ ಅನುಭವಿ ಇರಬೇಕು, ಎದುರಿಗೆ ನಿಜವಾದ ರೋಗಿ ಇರಬೇಕು. ತರಬೇತಿ ಕಾಲೇಜಿಗೆ ಆಸ್ಪತ್ರೆಯ ನಂಟು ಇರಲೇಬೇಕು ಎನ್ನುವುದು ಇದಕ್ಕೇ.

ಮಾನ್ಯತೆ ಹೋದರೆ ಏನಾಗುತ್ತದೆ?

ದೂರದ ಉದಾಹರಣೆ ಬೇಡ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕತೆ ಅನೇಕರಿಗೆ ನೆನಪಿರಬಹುದು. ರಾಜ್ಯದ ಹೊರಗಿನ ಖಾಸಗಿ ಸಂಸ್ಥೆಗಳ ಜೊತೆ ಸೇರಿ ತಾಂತ್ರಿಕ ಮತ್ತಿತರ ಕೋರ್ಸುಗಳನ್ನು ನಡೆಸಿದ್ದು ನಿಯಮಕ್ಕೆ ವಿರುದ್ಧವೆಂದು ಯುಜಿಸಿ ಆಕ್ಷೇಪಿಸಿತು. 2012-13ರ ನಂತರ ಅದಕ್ಕೆ ಮಾನ್ಯತೆ ಇಲ್ಲವೆಂದು 2015ರ ಜೂನ್‌ನಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018-19ರಿಂದ. ನಡುವಿನ ವರ್ಷಗಳಲ್ಲಿ ಓದಿದವರು ಅಂಕಪಟ್ಟಿ ಹಿಡಿದು ಅಲೆಯಬೇಕಾಯಿತು. ಸರ್ಕಾರಿ ವಿಶ್ವವಿದ್ಯಾಲಯದಲ್ಲೇ ಹೀಗಾದ ಮೇಲೆ, ಬಾಡಿಗೆ ಮಳಿಗೆಯಲ್ಲಿ ಬೋರ್ಡು ಹಾಕಿಕೊಂಡ ಸಂಸ್ಥೆಯ ಸರ್ಟಿಫಿಕೇಟನ್ನು ಇನ್ನೆಷ್ಟು ಎಚ್ಚರದಿಂದ ನೋಡಬೇಕು?

‘ಐಎಸ್‌ಒ ಇದೆ, ಸರ್ಕಾರದ ನೋಂದಣಿ ಇದೆ’ ಎಂದರೆ?

ಹೆಚ್ಚು ಜನ ಮೋಸಹೋಗುವುದು ಇಲ್ಲೇ. ಐಎಸ್‌ಒ 9001 ಎನ್ನುವುದು ಸಂಸ್ಥೆಯ ಆಡಳಿತ ಕ್ರಮಕ್ಕೆ ಸಿಗುವ ಪ್ರಮಾಣಪತ್ರ. ಟ್ರಸ್ಟ್, ಸೊಸೈಟಿ ಅಥವಾ ಎಂಎಸ್‌ಎಂಇ ನೋಂದಣಿಯನ್ನು ಯಾರು ಬೇಕಾದರೂ ಮಾಡಿಸಬಹುದು. ಇವು ಯಾವುವೂ ಕೋರ್ಸಿಗೆ ಮಾನ್ಯತೆ ಕೊಡುವುದಿಲ್ಲ.

ಹಾಗಾದರೆ ದಾರಿ ಯಾವುದು?

ಲ್ಯಾಬ್, ಎಕ್ಸ್-ರೇ, ಡಯಾಲಿಸಿಸ್, ಓ.ಟಿ. ವಿಭಾಗದ ಕೆಲಸ ಬೇಕಿದ್ದರೆ ರಾಜ್ಯದ ಪ್ಯಾರಾಮೆಡಿಕಲ್ ಮಂಡಳಿ ಮಾನ್ಯ ಮಾಡಿದ ಡಿಪ್ಲೊಮಾ ಇದೆ. ಪದವಿ ಬೇಕಿದ್ದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ಕೋರ್ಸುಗಳಿವೆ. ರೋಗಿಯ ಆರೈಕೆ ಮಾಡುವ ಸಹಾಯಕರ ಕೆಲಸಕ್ಕೆ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಎಂಬ ಅಲ್ಪಾವಧಿಯ ಕೌಶಲ ತರಬೇತಿ ಇದೆ. ಆದರೆ ಅದನ್ನು ಕಲಿತವರು ಲ್ಯಾಬ್ ಟೆಕ್ನೀಷಿಯನ್ ಆಗುವುದಿಲ್ಲ. ಹಾಸನ ಬಿಟ್ಟು ಹೋಗಲಾಗದವರು, ಕಂಪ್ಯೂಟರ್ ಬಲ್ಲವರು ಮೆಡಿಕಲ್ ಕೋಡಿಂಗ್‌ನಂಥ ಕೌಶಲವನ್ನು ಆನ್‌ಲೈನ್‌ನಲ್ಲಿ ಕಲಿಯಬಹುದು. ಅದರಲ್ಲಿ ರೋಗಿಯನ್ನು ಮುಟ್ಟುವ ಪ್ರಶ್ನೆಯೇ ಬರುವುದಿಲ್ಲ. ಹಾಗೆಂದು ಅದು ಡಿಗ್ರಿಯೂ ಅಲ್ಲ.

ಫೀಸು ಕಟ್ಟುವ ಮುನ್ನ ಈ ನಾಲ್ಕು ಪ್ರಶ್ನೆ ಕೇಳಿ:

1. ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುವವರು ಯಾರು? ಆ ಮಂಡಳಿ ಅಥವಾ ವಿಶ್ವವಿದ್ಯಾಲಯದ ವೆಬ್‌ಸೈಟ್‌ನಲ್ಲಿ ಈ ಕಾಲೇಜಿನ ಹೆಸರಿದೆಯೇ?
2. ಪ್ರಾಯೋಗಿಕ ತರಬೇತಿ ಯಾವ ಆಸ್ಪತ್ರೆಯಲ್ಲಿ, ಎಷ್ಟು ಗಂಟೆ? ಹೆಸರು ಹೇಳಿದರೆ ಆ ಆಸ್ಪತ್ರೆಯಲ್ಲೇ ವಿಚಾರಿಸಿ.
3. ಕಳೆದ ವರ್ಷ ಮುಗಿಸಿದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ?
4. ಹಣಕ್ಕೆ ಸಂಸ್ಥೆಯ ಹೆಸರಿನ ರಸೀದಿ ಕೊಡುತ್ತಾರೆಯೇ?

ಮೂಲ ಅಂಕಪಟ್ಟಿಯನ್ನು ‘ನಮ್ಮಲ್ಲೇ ಇರಲಿ’ ಎಂದು ಕೇಳಿದರೆ ಕೊಡಬೇಡಿ, ಜೆರಾಕ್ಸ್ ಕೊಡಿ. ಅನುಮಾನವಿದ್ದರೆ ಹಾಸನದ ಹಿಮ್ಸ್‌ನಲ್ಲೋ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೋ ಲ್ಯಾಬ್ ಸಿಬ್ಬಂದಿಯನ್ನು ಕಂಡು, ‘ಈ ಸರ್ಟಿಫಿಕೇಟಿಗೆ ನಿಮ್ಮಲ್ಲಿ ಕೆಲಸ ಸಿಗುತ್ತದೆಯೇ?’ ಎಂದು ಕೇಳಿ. ಐದು ನಿಮಿಷದ ಆ ಮಾತು ನಿಮ್ಮ ಹಣವನ್ನೂ ಮಕ್ಕಳ ಎರಡು ವರ್ಷವನ್ನೂ ಉಳಿಸಬಹುದು. ಅಲ್ಲಿಯವರೆಗೆ ಆ ಸಂದೇಶವನ್ನು ಬೇರೆ ಗುಂಪಿಗೆ ಫಾರ್ವರ್ಡ್ ಮಾಡಬೇಡಿ.